ಎಲ್ಲ ಟಿಪ್ಪಣಿಗಳ ಹೆಸರೂ ಶ್ರೀ

ಸ್ವಲ್ಪ ತಾಳಿ, ಪುಟ ತಿರುಗಿಸಬೇಡಿ. ಸಾಫ್ಟ್‌ವೇರ್ ಎಂದ ಕೂಡಲೇ ಎದ್ದು ಹೋಗುವವರಿದ್ದೀರಿ ಅಂತ ನನಗೆ ಗೊತ್ತು. ನಮ್ಮ ಮಾವ ಹಾಗೆಯೇ ಪೇಪರ್ ಎತ್ತಿಕೊಂಡು ಬಾಲ್ಕನಿಗೆ ಹೋಗಿಬಿಡುತ್ತಿದ್ದರು. ಆದರೆ ಸ್ವಲ್ಪ ಮುಂದೆ, ನಮ್ಮತ್ತೆ ಮುಂಬೈಯ ಸಯನ್‌ನಲ್ಲಿ ಲೋಕಲ್ ರೈಲು ಹತ್ತಿ, ಅಳಿಸಿಹೋದ ತಮ್ಮ ಮಾತುಗಳನ್ನು ಕಿಟಕಿಯ ಆಚೆಯಿಂದ ಒಂದೊಂದಾಗಿ ಒಳಗೆ ಕರೆದುಕೊಂಡ ಒಂದು ಮಧ್ಯಾಹ್ನ ಬರುತ್ತದೆ. ಅದಕ್ಕಾಗಿ ಕಾಯಿರಿ. ನಾನಂತೂ ಇನ್ನೂ ಆ ಮಧ್ಯಾಹ್ನದೊಳಗೇ ಇದ್ದೇನೆ.

ನಾನು ಕಂಪ್ಯೂಟರ್ ಓದಿದವಳಲ್ಲ. ಬಿ.ಕಾಂ. ಮುಗಿಸಿ ಫೋರ್ಟ್‌ನ ಒಂದು ಆಡಿಟ್ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಅಪ್ಪ ಅಮ್ಮ ಡೊಂಬಿವಲಿಯಲ್ಲಿ. ಅಲ್ಲಿಂದ ದಿನಾ ಓಡಾಡುವುದು ಕಷ್ಟವೆಂದು ಸಯನ್‌ನಲ್ಲಿ ಸೋದರತ್ತೆಯ ಮನೆಯಲ್ಲಿರುತ್ತೇನೆ. ಕೋಡ್ ಬರೆಯುವುದನ್ನು ಕಲಿತದ್ದು ಲೋಕಲ್‌ನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು, ಕಿವಿಯಲ್ಲಿ ಯಾರೋ ಪುಣ್ಯಾತ್ಮರ ಪಾಠ. ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ. ಖುಷಿ ಮಾತ್ರ ಇತ್ತು, ಅದೂ ಎಷ್ಟೆಂದರೆ ನಾನು ಇಳಿಯಬೇಕಾದ ಸ್ಟೇಷನ್ ಎಷ್ಟೋ ಸಲ ತಪ್ಪಿಹೋಗಿದೆ.

ಹಾಗೆ ಹುಡುಕುತ್ತಾ ಹೋದಾಗ ಒಂದು ಪುಟ್ಟ ಉಪಕರಣ ಸಿಕ್ಕಿತು. ಯಾವುದೋ ದೇಶದ ಯಾರೋ ಒಬ್ಬರು ಮಾಡಿ, ಬೇಕಾದವರು ಬಳಸಿ ಎಂದು ಸುಮ್ಮನೆ ಇಟ್ಟಿದ್ದರು. ಅದು ಏನು ಮಾಡುತ್ತದೆ ಎಂದು ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ. ನಾವು ಟಿಪ್ಪಣಿ ಬರೆಯುವಾಗ ಕೆಲಸವನ್ನು ಕೆಲಸ ಅಂತ ಬರೆಯುವುದಿಲ್ಲ. ‘ಛತ್ರಿಯ ಕಡ್ಡಿ ಮತ್ತೆ ಮುರಿಯಿತು’ ಎಂದಷ್ಟೇ ಬರೆಯುತ್ತೇವೆ. ಅದರೊಳಗೆ ರಿಪೇರಿಯವನ ಹತ್ತಿರ ಹೋಗಬೇಕಾದ ಕೆಲಸ ಮುಸುಕು ಹಾಕಿಕೊಂಡು ಮಲಗಿರುತ್ತದೆ. ಈಗ ಎಐ ಏಜೆಂಟ್ ಅಂತ ಬಂದಿದೆಯಲ್ಲ, ನಾವು ಹೇಳಿದ್ದನ್ನು ಕೇಳಿಕೊಂಡು ತಾನೇ ಒಂದೊಂದು ಹೆಜ್ಜೆಯಿಡುವ ಸಹಾಯಕ, ಅದು ‘ಏನು ಬಾಕಿಯಿದೆ?’ ಎಂದು ಕೇಳಿದಾಗ ಈ ಉಪಕರಣ ನಮ್ಮ ಟಿಪ್ಪಣಿಗಳ ನಡುವೆ ಮೆಲ್ಲಗೆ ಓಡಾಡಿ, ಮಲಗಿರುವ ಕೆಲಸಗಳನ್ನು ಎಬ್ಬಿಸಿ ಕರೆತಂದು ಅದರ ಕೈಗೆ ಕೊಡುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ, ಊರಿನವರೆಲ್ಲ ಮಧ್ಯಾಹ್ನದ ನಿದ್ದೆಯಿಂದ ಕಣ್ಣುಜ್ಜಿಕೊಂಡು ಏಳುತ್ತಿರುವ ಒಂದು ಬೀದಿ ನನ್ನ ಕಣ್ಣಮುಂದೆ ಬಂತು.

ಉಪಕರಣ ಚೆನ್ನಾಗಿತ್ತು. ಅದನ್ನು ಬಳಸುವುದು ಹೇಗೆ ಎಂಬ ವಿವರಣೆ ಮಾತ್ರ ಇರಲಿಲ್ಲ. ‘ಯಾರಾದರೂ ಬರೆದುಕೊಡುವಿರಾ?’ ಎಂದು ಅದನ್ನು ಮಾಡಿದವರು ಕೆಳಗೆ ಒಂದು ಸಾಲು ಹಾಕಿದ್ದರು. ನಾನು ಬರೆಯುತ್ತೇನೆ ಎಂದುಬಿಟ್ಟೆ. ಎಷ್ಟು ಕಷ್ಟದ ಕೆಲಸವೆಂದು ಒಪ್ಪಿಕೊಂಡ ಮೇಲೆ ತಿಳಿಯಿತು.

ವಿವರಣೆ ಬರೆಯುವುದೆಂದರೆ ಹೊಸಬರಿಗೆ ಮನೆಯ ದಾರಿ ಹೇಳಿದ ಹಾಗೆ. ‘ಸ್ಟೇಷನ್ ಇಳಿದು ಈ ಕಡೆ ಬನ್ನಿ’ ಎನ್ನುತ್ತೇವೆ. ಯಾವ ಕಡೆ ಎಂದು ನಮಗೆ ಗೊತ್ತು, ಬರುವವರಿಗೆ ಗೊತ್ತಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಒಂದು ಸಾಲು ಬರೆಯುವುದು, ಸಂಜೆ ಬರುವಾಗ ಅದನ್ನು ಅಳಿಸುವುದು. ಕರಿ ರೋಡ್ ಸ್ಟೇಷನ್ ದಾಟುವಾಗ ಒಂದು ದಿನ ‘ನಿಮ್ಮ ಟಿಪ್ಪಣಿಯ ಮೊದಲ ಸಾಲೇ ಅದರ ಹೆಸರಾಗುತ್ತದೆ’ ಎಂಬ ಸಾಲು ಬಂತು. ಎಷ್ಟು ಸರಳ, ಎಷ್ಟು ಚೆಂದ ಎಂದು ನನ್ನಷ್ಟಕ್ಕೆ ನಾನೇ ಬೀಗಿದೆ. ಇನ್ನು ಏನೂ ಗೊತ್ತಿಲ್ಲದ ಒಬ್ಬ ಓದುಗರು ಬೇಕಿತ್ತು. ಅವರು ಮನೆಯಲ್ಲೇ ಇದ್ದರು.

ಅತ್ತೆ ಫೋರ್ಟ್‌ನ ಒಂದು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸಯನ್, ಮಾಟುಂಗದ ಹಳೇ ಮೈಸೂರು ಕಡೆಯ ಹೆಂಗಸರದ್ದೊಂದು ಭಜನೆ ಗುಂಪಿದೆ. ಗೌರಿ ಹಬ್ಬದ ದಿನ ಗುಂಪಿನ ಪರವಾಗಿ ಅದರ ಮುತ್ತೈದೆಯರಿಗೆಲ್ಲ ಮೊರದ ಬಾಗಿನ ತಲುಪಬೇಕು. ಮೊರಕ್ಕೆ ಅರಿಶಿನ ಬಳಿದು, ಒಳಗೆ ಅಕ್ಕಿ ಬೇಳೆ ಬೆಲ್ಲ, ಬಳೆ ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕೊಡುವುದು. ಗುಂಪಿನ ಕೆಲವರು ಈಗ ಬೈಕುಲ್ಲಾಕ್ಕೆ, ಪರೇಲ್‌ಗೆ ಮನೆ ಬದಲಿಸಿದ್ದಾರೆ. ಎಲ್ಲಿದ್ದರೂ ಅತ್ತೆ ತಲುಪಿಸುತ್ತಾರೆ. ಅದು ಅವರದೇ ಕೆಲಸ ಅಂತ ಯಾರೂ ಬರೆದುಕೊಟ್ಟಿಲ್ಲ, ಆದರೆ ಅವರದೇ.

ಹೋದ ವರ್ಷ ಸ್ವಲ್ಪ ಎಡವಟ್ಟಾಗಿತ್ತು. ಆ ಸುದ್ದಿಯನ್ನು ಎತ್ತಿದವರು ಎದುರು ಮನೆಯಾಕೆ. ಅವರೂ ಗುಂಪಿನವರೇ, ಅತ್ತೆಗಿಂತ ಚಿಕ್ಕವರು, ಮುಂಬೈಯಲ್ಲೇ ಹುಟ್ಟಿ ಬೆಳೆದವರು, ದಿನಕ್ಕೆ ಒಂದು ಸಲವಾದರೂ ನಮ್ಮ ಅಡುಗೆಮನೆ ಕಟ್ಟೆಗೆ ಒರಗಿ ನಿಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ.

“ಅಕ್ಕಾ, ಇನ್ನು ನೀವು ಆರಾಮ್ ಮಾಡಿ. ಹೋದ್ ವರ್ಷ ಬೈಕುಲ್ಲಾದವರ ಬಳೆ ಮಾಟುಂಗಕ್ಕೆ ಹೋಯ್ತು, ಮಾಟುಂಗದ್ದು ಬೈಕುಲ್ಲಾಗೆ. ಪಾಪ, ಒಬ್ಬರಿಗೆ ಕೈಗೇ ಏರ್ಲಿಲ್ಲ, ಇನ್ನೊಬ್ಬರದು ಪಾತ್ರೆ ತೊಳೆಯೋವಾಗ ಜಾರ್ಕೊಂಡು ಹೋಯ್ತು.”

“ಬಳೆ ಅದಲು ಬದಲಾಯ್ತು. ಬಾಗಿನ ತಪ್ಪಿತಾ?”

“ತಪ್ಪಿಲ್ಲ. ಆದ್ರೂ ನಿಮಗ್ಯಾಕೆ ಟೆನ್ಶನ್? ಈ ಸಲದಿಂದ ನಾನು ನೋಡ್ಕೋತೀನಿ ಬಿಡಿ.”

“ನೋಡು, ಈ ಸಲ ಒಬ್ಬರದು ತಪ್ಪಿದ್ರೂ ನಾನೇ ನಿನ್ನ ಕೈಗೆ ಒಪ್ಪಿಸಿಬಿಡ್ತೀನಿ. ಅಲ್ಲೀವರೆಗೆ ಸುಮ್ನಿರು.”

“ಪಕ್ಕಾ?”

“ಪಕ್ಕಾ ಅಂದ್ರೆ ಪಕ್ಕಾ.”

ಎದುರು ಮನೆಯಾಕೆ ನಗುತ್ತಲೇ ಹೋದರು. ಅತ್ತೆ ನಗಲಿಲ್ಲ. ಸಿಂಕಿನ ನಲ್ಲಿ ಬಿಟ್ಟುಕೊಂಡು, ಕೈ ನೆನೆಯುತ್ತಿದ್ದರೂ ಸುಮ್ಮನೆ ನಿಂತಿದ್ದರು.

“ಈಚೆಗೆ ಮನಸ್ಸಿಗೆ ಬಂದಿದ್ದು ಬಾಯಿಗೆ ಬರೋ ಹೊತ್ತಿಗೆ ಕರಗೋಗ್ತಿದೆ ಕಣೇ” ಎಂದರು. ಆಮೇಲೆ, “ಅದೇನೋ ಏಜೆಂಟ್ ಅಂತಿದ್ಯಲ್ಲ, ಅವನ್ನ ಕರಿ.”

“ಇನ್ಶೂರೆನ್ಸ್‌ನವನಲ್ಲ ಅತ್ತೆ ಅದು.”

“ಗೊತ್ತು ಬಿಡೇ. ಇನ್ಶೂರೆನ್ಸ್‌ನವನು ಕರೀದೇ ಬರ್ತಾನೆ.”

ನನ್ನ ಅರ್ಧ ಬರೆದ ವಿವರಣೆಯನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು. ಅರ್ಥವಾಗದ ಕಡೆ ‘ಇದೇನು ತಲೆಬುಡ ಇಲ್ಲ’ ಎಂದು ಬೆರಳಿಟ್ಟರು, ನಾನು ತಿದ್ದಿದೆ. ಮೈಕಿನ ಗುರುತು ಒತ್ತಿದರೆ ಮಾತಾಡಿದ್ದು ಅಕ್ಷರವಾಗುತ್ತದೆ, ಅದು ನೇರವಾಗಿ ಉಪಕರಣದೊಳಗೆ ಹೋಗಿ ಕೂರುತ್ತದೆ ಎಂದು ತೋರಿಸಿಕೊಟ್ಟೆ. ಅವರಿಗೆ ಎಷ್ಟು ಹಿಡಿಸಿತೆಂದರೆ ಆ ಮಳೆಗಾಲವಿಡೀ ಫೋನನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಊರು ಸುತ್ತಿದರು. ಗುಂಪಿನವರನ್ನು ಹೋಗಿ ಮಾತಾಡಿಸುವುದು, ಯಾರ ಬಳೆಯ ಅಳತೆ ಎಷ್ಟು, ಯಾರಿಗೆ ಈ ವರ್ಷ ಸೂತಕ, ಯಾರು ಹಬ್ಬಕ್ಕೆ ಊರಿಗೆ ಹೋಗುತ್ತಾರೆ ಎಂದು ಕೇಳಿಕೊಳ್ಳುವುದು, ಹೊರಗೆ ಬಂದು ನಿಂತಲ್ಲೇ ಫೋನಿಗೆ ಹೇಳುವುದು. ಅವರ ಅಮ್ಮ, ಅಂದರೆ ನನ್ನ ಅಜ್ಜಿ, ಏನಾದರೂ ನೆನಪಿಡಬೇಕಾದರೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರಂತೆ. “ಇದು ನನ್ನ ಗಂಟು” ಎಂದು ಫೋನ್ ತೋರಿಸುತ್ತಿದ್ದರು.

ಹಬ್ಬಕ್ಕೆ ಇನ್ನೇನು ಹತ್ತಿರ ಬಂತು ಎನ್ನುವಾಗ, ಒಂದು ರಜೆಯ ಬೆಳಿಗ್ಗೆ, ಅತ್ತೆ ಸ್ನಾನ ಮಾಡಿ ಕುಂಕುಮವಿಟ್ಟುಕೊಂಡು ಸೋಫಾದ ಮೇಲೆ ನೆಟ್ಟಗೆ ಕೂತರು. ಯಾರಿಗೋ ಸಂದರ್ಶನ ಕೊಡುವವರ ಹಾಗೆ.

“ಏನೇನಪ್ಪಾ ಬಾಕಿಯಿದೆ?” ಎಂದು ಏಜೆಂಟನ್ನು ಕೇಳಿದರು.

ಉತ್ತರ ಬಂತು: ‘ಬಾಕಿ ಇರುವ ಕೆಲಸ ಒಂದು. ಅರಿಶಿನದ ಕೊಂಬು ಕಡಿಮೆ ಬಿದ್ದಿದೆ, ಇನ್ನಷ್ಟು ತರಬೇಕು.’

“ಒಂದೇನಾ!” ಅತ್ತೆಯ ಮುಖ ದೀಪ ಹಚ್ಚಿದ ಹಾಗಾಯಿತು. “ರೀ, ನೋಡಿ ಇಲ್ಲಿ, ಉಳಿದಿದ್ದೆಲ್ಲಾ ಅದೇ ಮಾಡಿ ಮುಗಿಸ್ಬಿಟ್ಟಿದೆ!”

ಬಾಲ್ಕನಿಯಿಂದ ಮಾವನ ದನಿ ಬಂತು: “ಬೈಕುಲ್ಲಾದಿಂದ ಮೊರ ಹೊತ್ತು ತಂದಿದೆಯಾ? ಎಲ್ಲಿಟ್ಟಿದೆ ಕೇಳು, ಕಾಲಿಗೆ ಸಿಕ್ಕೀತು.”

ನಾನು ಕೂಡಲೇ ಎದ್ದೆ. ಲ್ಯಾಪ್‌ಟಾಪ್ ತೆಗೆದು ಟಿಪ್ಪಣಿಗಳ ಜಾಗಕ್ಕೆ ಹೋದೆ. ಅಲ್ಲಿ ತುಂಬಿ ತುಳುಕಬೇಕಿತ್ತು. ಒಂದೇ ಒಂದು ಟಿಪ್ಪಣಿ ಇತ್ತು. ಅದರ ಹೆಸರು ‘ಶ್ರೀ’.

ನೀವು ನಮ್ಮಂಥ ಮನೆಗಳಲ್ಲಿ ಬೆಳೆದವರಾದರೆ ಇಷ್ಟರಲ್ಲೇ ನಿಮಗೆ ಗೊತ್ತಾಗಿರುತ್ತದೆ. ಅತ್ತೆ ಯಾವ ಹಾಳೆಯ ಮೇಲೂ ಮೊದಲು ಶ್ರೀ ಬರೆಯದೆ ಮುಂದಿನ ಅಕ್ಷರ ಬರೆದವರಲ್ಲ. ಕಿರಾಣಿ ಚೀಟಿಗೂ ಶ್ರೀ, ಹಾಲಿನವನಿಗೆ ಬಾಗಿಲಿಗೆ ಅಂಟಿಸುವ ಚೀಟಿಗೂ ಶ್ರೀ. ಫೋನಿನಲ್ಲೂ ಹಾಗೇ ಮಾಡಿದ್ದಾರೆ. ಮೊದಲು ಒಂದು ಬೆರಳಿನಲ್ಲಿ ಶ್ರೀ ಒತ್ತಿ, ಅದು ಹಾಳೆಯ ನಡುವೆ ಬರಬೇಕೆಂದು ಖಾಲಿ ಜಾಗ ತಳ್ಳಿ ತಳ್ಳಿ ಮಧ್ಯಕ್ಕೆ ತಂದು, ಆಮೇಲೆ ಕೆಳಗಿನ ಸಾಲಿಗೆ ಬಂದು ಮಾತು ಶುರು. ಮೊದಲ ಸಾಲೇ ಹೆಸರು ಎಂದು ನಂಬಿದ ಉಪಕರಣಕ್ಕೆ ಅವರ ಎಲ್ಲ ಟಿಪ್ಪಣಿಗಳೂ ಒಂದೇ ಟಿಪ್ಪಣಿ. ಹೊಸದು ಬಂದಾಗಲೆಲ್ಲ, ಓಹೋ ಹಳೆಯದನ್ನೇ ತಿದ್ದಿದ್ದಾರೆ ಎಂದುಕೊಂಡು ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಹೊಸದನ್ನು ಇಟ್ಟಿದೆ. ಚೌಪಾಟಿಯ ಮರಳಿನಲ್ಲಿ ಒಂದೇ ಜಾಗದಲ್ಲಿ ಕೂತು ಮತ್ತೆ ಮತ್ತೆ ಬರೆದ ಹಾಗೆ. ಮಳೆಗಾಲವಿಡೀ ಬರೆದದ್ದರಲ್ಲಿ ಉಳಿದದ್ದು ಅರಿಶಿನದ ಕೊಂಬು.

ಇದನ್ನು ಅತ್ತೆಗೆ ಹೇಗೆ ಹೇಳಿದೆನೋ. ಅವರು ಪರದೆಯ ಮೇಲಿದ್ದ ಆ ಹೆಸರಿನ ಮೇಲೆ ಬೆರಳಿಟ್ಟರು.

“ಶ್ರೀ ಬರೆದಿದ್ದಕ್ಕಾ?”

“ಹೂಂ ಅತ್ತೆ.”

“ನಾನು ಹೇಳಿದ್ದೆಲ್ಲಾ?”

“ಮಾತು ಅಕ್ಷರ ಆದ್ಮೇಲೆ ಧ್ವನಿ ಉಳಿಯಲ್ಲ. ಅಕ್ಷರದ ಮೇಲೆ ಅಕ್ಷರ ಬಂದು ಹೋಗಿದೆ.”

ಏನಾದರೂ ಮಾಡಬೇಕಲ್ಲ ಎಂದು ನಾನು ಅಲ್ಲೇ ವಿವರಣೆ ತೆರೆದು ಒಂದು ಎಚ್ಚರಿಕೆ ಸೇರಿಸಿದೆ, ಗಟ್ಟಿಯಾಗಿ ಓದಿದೆ: ‘ಟಿಪ್ಪಣಿಯ ಮೊದಲ ಸಾಲಿನಲ್ಲಿ ದಯವಿಟ್ಟು ಶ್ರೀ ಎಂದು ಬರೆಯಬೇಡಿ.’

ಅತ್ತೆ ನನ್ನನ್ನು ನೋಡಿದ ರೀತಿ! “ಶ್ರೀ ಬರೀಬೇಡಿ ಅಂತ ಊರಿಗೆಲ್ಲಾ ಬರೆದು ಹೇಳ್ತೀಯಾ? ಆ ನಿನ್ನ ಪುಟದ ಮೇಲಾದ್ರೂ ಶ್ರೀ ಬರೆದಿದೀಯಾ, ಅದೂ ಇಲ್ವಾ?”

ಅಳಿಸಿದೆ. “ಗುಂಪಿನಲ್ಲಿ ಕೇಳಿಬಿಡೋಣ ಅತ್ತೆ, ಯಾರ್ಯಾರು ಏನೇನು ಹೇಳಿದ್ರು ಅಂತ” ಎಂದೆ.

“ಕೇಳಿದ್ರೆ ಅಲ್ಲಿಗೆ ಮುಗೀತಲ್ಲೇ. ಅಕ್ಕನಿಗೆ ಮರೆವು ಅಂತ ಅವಳು ಕೈ ಚಾಚ್ಕೊಂಡು ನಿಂತಿರ್ತಾಳೆ.” ಎದುರು ಬಾಗಿಲಿನ ಕಡೆ ಗಲ್ಲ ತೋರಿಸಿದರು. ಆಮೇಲೆ ತಮ್ಮಷ್ಟಕ್ಕೇ ಎನ್ನುವ ಹಾಗೆ, “ಏನು ಹೇಳಿದೆ ಅನ್ನೋದು ಹೋಗಿದೆ. ಎಲ್ಲಿ ನಿಂತು ಹೇಳಿದೆ ಅನ್ನೋದು ಗೊತ್ತು ಕಣೇ ನನಗೆ” ಎಂದರು.

ಹಾಗೆ ಹೊರಟೆವು. ಮೊದಲು ಆಸ್ಪತ್ರೆಯ ಹತ್ತಿರದ ಬಸ್ ಸ್ಟಾಪು. ಅತ್ತೆ ಹೋಗಿ ಕಂಬಕ್ಕೆ ಒಂದು ಕೈಯಿಟ್ಟು ನಿಂತರು. ಬಸ್ಸುಗಳು ಬಂದವು, ಹೋದವು. ನೀರು ಚಿಮ್ಮಿಸಿಕೊಂಡು ಒಂದು ಟ್ಯಾಕ್ಸಿ ಹೋಯಿತು. ಅತ್ತೆಯ ಕಣ್ಣು ಅರ್ಧ ಮುಚ್ಚಿತು. “ವೀಣೆ ಟೀಚರ್. ಅವರಿಗೆ ಮಂಡಿನೋವು, ಕೆಳಗೆ ಇಳಿಯೋಕಾಗಲ್ಲ. ಬೆಳಿಗ್ಗೆ ಬೇಗ ಹೋಗ್ಬೇಕು, ಆಮೇಲೆ ಡಾಕ್ಟರ್ ಹತ್ರ ಹೋಗ್ತಾರೆ.” ಎಲ್ಲಿಂದಲೋ ಯಾರೋ ಹೇಳಿಕೊಟ್ಟ ಹಾಗೆ ಬಂತು. ನನ್ನ ಚೀಲದಲ್ಲಿದ್ದ ಹಾಳೆಯ ಮೇಲೆ ಬರೆದುಕೊಂಡೆ. ಬರೆಯುವ ಮೊದಲು ಅತ್ತೆ ಪೆನ್ನು ಕಿತ್ತುಕೊಂಡು ಮೇಲೆ ಶ್ರೀ ಹಾಕಿದರು.

ಸಯನ್‌ನಲ್ಲಿ ಸ್ಲೋ ಲೋಕಲ್ ಹತ್ತಿದೆವು. ಮಧ್ಯಾಹ್ನವಾದ್ದರಿಂದ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಸಿಕ್ಕಿತು. ಮಳೆ ನಿಂತು ಬಿಸಿಲು ಬಿದ್ದಿತ್ತು. ಒದ್ದೆ ಗೋಡೆಗಳು, ಒದ್ದೆ ತಗಡುಗಳು, ಹಳಿಯ ಪಕ್ಕದ ಹಸಿರು, ಎಲ್ಲದರ ಮೇಲೂ ಒಂದು ತೆಳುವಾದ ಬೆಳ್ಳಿಯ ಪದರ. ರೈಲು ಓಡುತ್ತಿದೆಯೋ, ಊರೇ ನಮ್ಮನ್ನು ನೋಡಿಕೊಂಡು ಹಿಂದೆ ಹೋಗುತ್ತಿದೆಯೋ ತಿಳಿಯದ ಹಾಗೆ. ಅತ್ತೆ ಕಿಟಕಿಯ ಸರಳಿಗೆ ಹಣೆ ತಾಗಿಸಿ ಕೂತರು. ಮಾಟುಂಗದಲ್ಲಿ ರೈಲು ನಿಂತಾಗ ಪ್ಲಾಟ್‌ಫಾರ್ಮಿನ ಬೆಂಚು ಅವರಿಗೆ ಏನೋ ಹೇಳಿತು: ಒಬ್ಬರಿಗೆ ಗಾಜಿನ ಬಳೆ ದೊಡ್ಡ ಅಳತೆಯದು. ಪರೇಲ್‌ನ ಮೇಲ್ಸೇತುವೆ ಇನ್ನೊಂದು ಹೇಳಿತು: ಆ ಮನೆಯಲ್ಲಿ ಸೊಸೆ ಬಂದಿದ್ದಾಳೆ, ಅವಳಿಗೂ ಒಂದು. ನಾನು ಕೇಳಿಸಿಕೊಳ್ಳುತ್ತಾ ಬರೆಯುತ್ತಿದ್ದೆ. ಟಿಪ್ಪಣಿಗಳ ನಡುವೆ ಓಡಾಡಿ ಕೆಲಸಗಳನ್ನು ಎಬ್ಬಿಸುವ ಉಪಕರಣವನ್ನು ವಿವರಿಸಲು ನಾನು ತಿಂಗಳುಗಟ್ಟಲೆ ಒದ್ದಾಡಿದ್ದೆ. ಅದು ಈಗ ನನ್ನೆದುರಿಗೇ ನಡೆಯುತ್ತಿತ್ತು, ಈ ರೈಲೇ ಅದನ್ನು ಮಾಡುತ್ತಿತ್ತು.

ಎದುರು ಸೀಟಿನ ಹೆಂಗಸೊಬ್ಬಳು ಬಟಾಣಿ ಸುಲಿಯುತ್ತಾ ಅತ್ತೆಯನ್ನೇ ನೋಡುತ್ತಿದ್ದಳು. “ಆಂಟಿ, ತಬಿಯತ್ ಠೀಕ್ ಹೈ ನಾ?” ಎಂದು ಆರೋಗ್ಯ ವಿಚಾರಿಸಿದಳು.

“ಏಕ್‌ದಮ್ ಠೀಕ್. ಭೂಲಾ ಹುವಾ ಯಾದ್ ಕರ್ ರಹೀ ಹೂಂ.” ಮರೆತದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದೇನೆ ಎಂದರು ಅತ್ತೆ.

“ಅಚ್ಛಾ?” ಅವಳು ಬಟಾಣಿಯನ್ನು ಮಡಿಲಲ್ಲಿ ಸರಿಮಾಡಿಕೊಂಡು ಕಿಟಕಿಯ ಹತ್ತಿರಕ್ಕೆ ಸರಿದಳು. “ತೋ ಮೈ ಭೀ ಬೈಠತೀ ಹೂಂ ಇಧರ್.” ಬೈಕುಲ್ಲಾ ಬರುವವರೆಗೆ ಅವಳೂ ಹೊರಗೆ ನೋಡುತ್ತಾ ಕೂತಿದ್ದಳು. ಅವಳಿಗೆ ಏನು ನೆನಪಾಯಿತೋ, ಒಂದು ಸಲ ಸುಮ್ಮನೆ ನಕ್ಕಳು.

ಬೈಕುಲ್ಲಾದಲ್ಲಿ ಇಳಿದು ಮಾರ್ಕೆಟ್ ಹೊಕ್ಕೆವು. ಕೊತ್ತಂಬರಿಯ ರಾಶಿ, ತೊಳೆದ ಗಜ್ಜರಿ, ಕೂಗಾಟ. ಒಂದು ತಿರುವಿನಲ್ಲಿ ಬಿದಿರಿನ ಬುಟ್ಟಿ, ಮೊರ ಮಾರುವ ಅಂಗಡಿ. ಒಣಗಿದ ಬಿದಿರಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಅತ್ತೆ ನನ್ನ ತೋಳು ಹಿಡಿದರು: “ಇಲ್ಲಿ ಹೇಳಿದ್ದೆ! ಇಲ್ಲಿಂದ ಆ ಎರಡನೇ ಕಟ್ಟಡ. ಅವರ ತವರಿಂದ ಯಾರೂ ಬರಲ್ಲ ಈ ಸಲ, ಅದಕ್ಕೆ ಬಾಗಿನದ ಜೊತೆ ಒಂದು ಸೀರೆ.” ಕಣ್ಣಲ್ಲಿ ನೀರು ತುಂಬಿತ್ತು. ಸೀರೆಯ ವಿಷಯ ಪೂರ್ತಿ ಅಳಿಸಿಹೋಗಿದ್ದರೆ ಎಂದು ನೆನೆದೇ ಬಂದ ನೀರು. ಮೊರಗಳನ್ನು ಕೊಂಡು, ಹಗ್ಗ ಹಾಕಿ ಕಟ್ಟಿಸಿ, ವಾಪಸು ಬರುವಾಗ ಒಯ್ಯುತ್ತೇವೆಂದು ಅಂಗಡಿಯಲ್ಲೇ ಬಿಟ್ಟು ಫೋರ್ಟಿಗೆ ಹೋದೆವು.

ಫೋರ್ಟ್‌ನಲ್ಲಿ ಅವರ ಹಳೆಯ ಬ್ಯಾಂಕಿನ ಪಕ್ಕದ ಉಡುಪಿ ಹೋಟೆಲು. ಗಲ್ಲಾದ ಮೇಲಿದ್ದವರು ಅತ್ತೆಯನ್ನು ಕಂಡು, “ಎಂತ ಅಮ್ಮ, ಪುನಃ ಬಂದ್ರಿ? ಮೊನ್ನೆ ಇಲ್ಲೇ ಕೂತು ಫೋನಿನ ಹತ್ರ ಮಾತಾಡಿದ್ದು ಉಂಟಲ್ಲ” ಎಂದರು.

“ನಾನೇನು ಹೇಳ್ತಿದ್ದೆ, ಕೇಳಿಸ್ತಾ?”

“ಅಯ್ಯೋ, ಮಾರಾಯ್ರೆ, ನಾನು ಅದನ್ನು ಆರ್ಡರ್ ಅಂತ ಗ್ರಹಿಸಿದ್ದು. ಬೆಲ್ಲ, ತೆಂಗಿನಕಾಯಿ ಅಂತೆಲ್ಲ ಕೇಳಿತು. ಒಳಗೆ ಹೋಗಿ ಅಡುಗೆಯವನ ಹತ್ರ ಸಿಹಿಗೆ ಸುಕ್ಕಿನುಂಡೆ ಉಂಟಾ ಅಂತ ಕೇಳಿದೆ.”

ಅತ್ತೆ ನಕ್ಕು ನಕ್ಕು ಅದೇ ಟೇಬಲ್ಲಿಗೆ ಹೋಗಿ ಕೂತರು. ಕಾಫಿಯ ಲೋಟದಿಂದ ಹಬೆ ಏಳುತ್ತಿತ್ತು. ಹಬೆಯ ಆಚೆ ಅವರ ಮುಖ ಸ್ವಲ್ಪ ಕಲಸಿದ ಹಾಗೆ ಕಂಡು, ಮತ್ತೆ ತಿಳಿಯಾಯಿತು. “ನನ್ನ ಹಳೇ ಮ್ಯಾನೇಜರ್ ಹೆಂಡತಿ, ಇಲ್ಲೇ ಫೋರ್ಟ್‌ನಲ್ಲೇ ಇರೋದು. ಈಗ ಗುಂಪಿಗೆ ಬರ್ತಿಲ್ಲ, ಆದ್ರೂ ಕೊಡ್ಬೇಕು ಅಂದ್ಕೊಂಡಿದ್ದೆ.” ಹಾಳೆ ತುಂಬಿತು.

ಹಬ್ಬದ ಹಿಂದಿನ ದಿನ ಮನೆ ತುಂಬ ಅರಿಶಿನ ಬಳಿದ ಮೊರಗಳು. ಹಾಲ್‌ನಲ್ಲಿ ಬಿಸಿಲು ಕೂಡ ಹಳದಿಯಾಗಿ ಕಾಣುತ್ತಿತ್ತು. ಎದುರು ಮನೆಯಾಕೆ ಬಂದು, ಯಾರೂ ಕರೆಯದಿದ್ದರೂ ನೆಲದ ಮೇಲೆ ಕೂತು ಕರಿಮಣಿ ಪೋಣಿಸಿದರು, ಕಣ ಮಡಿಸಿದರು.

“ಎಲ್ಲರೂ ಲೆಕ್ಕಕ್ಕೆ ಸಿಕ್ಕಿದ್ರಾ ಅಕ್ಕಾ?”

“ಸಿಕ್ಕಿದ್ರು. ನಿನಗೆ ಬೇಜಾರಾ?”

“ನನಗ್ಯಾಕೆ ಬೇಜಾರು? ನೋಡೋಣ ಬಿಡಿ” ಎಂದು ಕಣ್ಣು ಮಿಟುಕಿಸಿ ಹೋದರು.

ಗೌರಿಯ ದಿನ ಆಫೀಸಿಗೆ ರಜೆ ಹಾಕಿ ನಾನೂ ಜೊತೆಗಿದ್ದೆ. ಬೆಳಿಗ್ಗೆ ಪೂಜೆ ಮುಗಿಸಿ, ದೇವಿಯ ಮುಂದೆ ಒಂದು ಬಾಗಿನವಿಟ್ಟು, ಉಳಿದದ್ದನ್ನು ಟ್ಯಾಕ್ಸಿಯಲ್ಲಿ ತುಂಬಿಕೊಂಡು ಹೊರಟೆವು. ಬೀದಿಯಲ್ಲೆಲ್ಲ ಗಣಪತಿಗಳು ಬರುತ್ತಿದ್ದವು, ಮುಖಕ್ಕೆ ಬಟ್ಟೆ ಮುಚ್ಚಿಕೊಂಡು. ಪ್ರತಿ ಬಾಗಿಲಲ್ಲೂ ಅತ್ತೆ ಸೆರಗನ್ನು ಮೊರದ ಮೇಲೆ ಎಳೆದು ಹಿಡಿದರು, ಆ ಕಡೆಯವರು ಸೆರಗೊಡ್ಡಿ ತೆಗೆದುಕೊಂಡರು. ಬಳೆ ಸರಿಯಾಗಿ ಏರಿತು. ಸೀರೆ ಕೈಗೆ ಬಂದಾಗ ಬೈಕುಲ್ಲಾದವರು ಅತ್ತೆಯ ಗಲ್ಲ ಮುಟ್ಟಿದರು. ಮಧ್ಯಾಹ್ನ ದಾಟಿದ ಮೇಲೆ ಮನೆಗೆ ಬಂದು ಅತ್ತೆ ಕಾಲು ಚಾಚಿ ಕೂತರು. “ಒಬ್ಬರೂ ತಪ್ಪಲಿಲ್ಲ” ಎಂದರು. ಕಣ್ಣು ಮುಚ್ಚಿಕೊಂಡಿದ್ದರು. ಅಷ್ಟು ನೆಮ್ಮದಿಯಾದ ಮುಖವನ್ನು ನಾನು ಆ ಮಳೆಗಾಲದಲ್ಲಿ ನೋಡಿರಲಿಲ್ಲ.

ಮಾವ ಬಾಗಿಲ ಹತ್ತಿರ ಚಪ್ಪಲಿ ಸರಿಮಾಡುತ್ತಿದ್ದವರು ಹೇಳಿದರು: “ಎದುರು ಮನೆ ಬಾಗಿಲು ಬೆಳಿಗ್ಗೆಯಿಂದ ತೆರೆದೇ ಇದೆ. ರೇಷ್ಮೆ ಸೀರೆ ಉಟ್ಕೊಂಡು ಕೂತಿದ್ದಾಳೆ ಅವಳು. ಎಲ್ಲಿಗೋ ಹೊರಟ ಹಾಗಿದೆ.”

ಅತ್ತೆ ಕಣ್ಣು ತೆರೆದರು.

ನನಗೂ ಆಗಲೇ ಹೊಳೆದದ್ದು. ಹಾಳೆಯನ್ನು ತೆಗೆದು ನೋಡಬೇಕಾಗಿಯೇ ಇರಲಿಲ್ಲ. ಸಯನ್‌ನಿಂದ ಫೋರ್ಟ್‌ವರೆಗೆ ಎಲ್ಲ ಇದ್ದರು. ಎದುರು ಬಾಗಿಲಿನವರು ಇರಲಿಲ್ಲ.

“ಲಿಫ್ಟ್‌ನಲ್ಲಿ ಹೇಳಿದ್ದೆ ಕಣೇ” ಎಂದರು ಅತ್ತೆ ಮೆಲ್ಲಗೆ. “ಅವಳಿಗೆ ಹಸಿರು ಬಳೆ ಬೇಡ, ಕೆಂಪು ಅಂತ. ಲಿಫ್ಟ್‌ನಲ್ಲೇ ಹೇಳಿದ್ದೆ.” ಆ ಮಧ್ಯಾಹ್ನ ನಾವು ಲಿಫ್ಟ್ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲಿಳಿದು ಹೋಗಿದ್ದೆವು.

ತಂದ ಮೊರಗಳೆಲ್ಲ ಮುಗಿದಿದ್ದವು. ಉಳಿದದ್ದು ದೇವಿಯ ಮುಂದಿನ ಬಾಗಿನ. ಅತ್ತೆ ಅದರ ಮುಂದೆ ನಿಂತು ಕೈ ಮುಗಿದು, ಎತ್ತಿಕೊಂಡರು. “ದೇವಿ ವರ್ಷಕ್ಕೊಂದು ಸಲ ಬಂದು ಹೋಗೋಳು, ಏನೂ ಅಂದ್ಕೊಳಲ್ಲ. ಇವಳು ಇಲ್ಲೇ ಇರೋಳು.”

“ಕೊನೇಗೆ ಅಂತ ಎತ್ತಿಟ್ಟಿದ್ದೆ ಅಂತ ಹೇಳಿಬಿಡಿ ಅತ್ತೆ” ಎಂದು ಪಿಸುಗುಟ್ಟಿದೆ. ಅವರು ತಲೆಯಾಡಿಸಿದರು. ಹೌದೆಂದೋ ಇಲ್ಲವೆಂದೋ ಗೊತ್ತಾಗಲಿಲ್ಲ.

ಎದುರು ಮನೆಯಾಕೆ ಅರಿಶಿನ ಕುಂಕುಮದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತಿದ್ದರು. ಮುಡಿದ ಮಲ್ಲಿಗೆ ಬಾಡಿತ್ತು. ನಮ್ಮನ್ನು ನೋಡಿ ಎದ್ದು, ಸೆರಗು ಸರಿಮಾಡಿಕೊಂಡರು. 

“ನಿನ್ನ ಮರೆತಿದ್ದೆ ಕಣೇ” ಎಂದರು ಅತ್ತೆ. “ಇಡೀ ಬಾಂಬೆ ಸುತ್ತಿದೆ. ನಿನ್ನ ಬಾಗಿಲು ಬಿಟ್ಟೆ. ಬಳೆನೂ ಹಸಿರೇ ಇದೆ.”

ಎದುರು ಮನೆಯಾಕೆ ಸೆರಗೊಡ್ಡಿ ಬಾಗಿನ ತೆಗೆದುಕೊಂಡರು. ಮೊರಗಳ ಅಂಚು ಒಂದಕ್ಕೊಂದು ತಾಗಿ ಸಣ್ಣ ಸದ್ದಾಯಿತು.

“ಮಾತು ಕೊಟ್ಟಿದ್ದೆ” ಎಂದರು ಅತ್ತೆ. “ಮುಂದಿನ ವರ್ಷದಿಂದ ನೀನೇ ನೋಡ್ಕೋ.”

“ಅಕ್ಕಾ, ಇನ್ನೂ ಹೊತ್ತು ಮುಳುಗಿಲ್ಲ. ತಪ್ಪಿದ್ದೆಲ್ಲಿ?”

“ನೀನು ಬೆಳಿಗ್ಗೆಯಿಂದ ಕಾದು ಕೂತಿದ್ದೀಯಲ್ಲ, ಅದೇ ತಪ್ಪಿದ್ದು.”

“ಕೂತಿದ್ದೆ. ಕಾಫಿ ಕೂಡ ಕುಡಿದಿಲ್ಲ. ಸಿಟ್ಟು ಬಂದಿತ್ತು, ಏನ್ ಸಿಟ್ಟು ಅಂದ್ರೆ... ಅತ್ತೂಬಿಟ್ಟೆ ಒಂದ್ಸಲ.” ಮೂಗೊರೆಸಿಕೊಂಡರು. “ನಾನೊಬ್ಬಳೇ ಮಾಡೋಕೆ ನನಗೇನ್ ಹುಚ್ಚಾ? ಆ ಫೋನಿಗೆ ಹೇಳೋದ್ರಲ್ಲಿ ಅರ್ಧ ನನಗೆ ಹೇಳಿದ್ರೆ ಆಗಲ್ವಾ? ಎದುರಿಗೇ ಬಿದ್ಕೊಂಡಿದೀನಿ.”

ಅತ್ತೆ ಯೋಚಿಸಿದರು. “ಹಾಗಾದ್ರೆ ದೂರದವರೆಲ್ಲಾ ನಿನಗೆ. ಬೈಕುಲ್ಲಾ, ಫೋರ್ಟ್, ಪರೇಲ್. ರೈಲು ಹತ್ತೋಕೆ ನಿನ್ನ ಮಂಡಿ ಗಟ್ಟಿಯಿದೆ. ಹತ್ತಿರದವರು ನನಗಿರ್ಲಿ.”

“ಹತ್ತಿರದವರನ್ನೇ ಮರೀತೀರಲ್ಲ ಅಕ್ಕಾ ನೀವು!”

“ಅದಕ್ಕೇ. ಮರೆತ್ರೆ ನೆನಪಿಸೋಕೆ ನೀನು ಎದುರಿಗೇ ಇರ್ತೀಯಲ್ಲ.”

ಆಕೆ ನಮ್ಮನ್ನು ಕಾಫಿಗೆ ಒಳಗೆ ಕರೆದರು. ನಾನು ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಗೌರಿಯ ಕೆಲಸದಲ್ಲಿ ಅರ್ಧ ಅವತ್ತು ಅತ್ತೆಯ ಕೈಬಿಟ್ಟು ಹೋಯಿತು. ಅವರು ಕೊಟ್ಟದ್ದು ನಗುತ್ತಲೇ, ಆದರೂ ಲೋಟ ಹಿಡಿದುಕೊಂಡ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿ ನಿಂತಿದ್ದನ್ನು ನೋಡಿದೆ. 

ಉಪಕರಣ ಮಾಡಿದವರಿಗೆ ನಡೆದದ್ದೆಲ್ಲ ಬರೆದೆ. ನಮ್ಮಲ್ಲಿ ಹಾಳೆಗೆಲ್ಲ ಒಂದೇ ಮೊದಲ ಸಾಲು ಎಂದೆ. ‘ಎಲ್ಲ ಹಾಳೆಗೂನಾ?’ ಎಂದು ಕೇಳಿದರು. ಎಲ್ಲ ಹಾಳೆಗೂ, ಹಾಲಿನವನ ಚೀಟಿಗೂ ಎಂದೆ. ಈಗ ಅದು ಹೆಸರಿನ ಜೊತೆ ಬರೆದ ಹೊತ್ತನ್ನೂ, ಒಪ್ಪಿದವರಿಗೆ ಬರೆದ ಜಾಗವನ್ನೂ ಸೇರಿಸಿ ಬೇರೆ ಬೇರೆಯಾಗಿ ಇಡುತ್ತದೆ; ಹಳೆಯದನ್ನು ಅಳಿಸುವ ಮೊದಲು ಕೇಳುತ್ತದೆ. ವಿವರಣೆಯನ್ನು ಮೊದಲಿಂದ ಮತ್ತೆ ಬರೆದೆ. ‘ನೀವು ಹೀಗೆ ಬರೆಯಬೇಕು’ ಎಂದಿದ್ದ ಕಡೆಯೆಲ್ಲ ‘ನೀವು ಹೇಗೆ ಬರೆಯುತ್ತೀರಿ?’ ಎಂದು ಕೇಳುವ ಹಾಗೆ ಮಾಡಿದೆ. ಉಪಕರಣ ಮಾಡಿದವರು ಅದನ್ನು ಒಪ್ಪಿಕೊಂಡರು. ಎದುರು ಮನೆಯಾಕೆಗೆ ತೋರಿಸಿದರೆ, “ಇಷ್ಟೇನಾ? ಇದಕ್ಕೆ ಇಷ್ಟು ದಿನ ಬೇಕಾಯ್ತಾ?” ಎಂದರು.

ಆದರೆ ವಿವರಣೆಯಲ್ಲಿ ಒಂದು ಭಾಗ ಇನ್ನೂ ಖಾಲಿಯಿದೆ, ಜನ ನಿಜವಾಗಿ ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂಬ ಭಾಗ. ಅದನ್ನು ನಾನೊಬ್ಬಳೇ ತುಂಬಲಾರೆ. ನಿಮ್ಮ ಮನೆಯಲ್ಲಿ ಕೆಲಸಗಳನ್ನು ಎಲ್ಲಿ ಮಲಗಿಸಿಡುತ್ತೀರಿ, ಅವುಗಳನ್ನು ಎಬ್ಬಿಸುವವರು ಯಾರು, ಇಂಥದ್ದೊಂದು ಉಪಕರಣ ಬಂದು ಎಲ್ಲಿ ಎಡವಿತು? ಒಂದೇ ಸಾಲಾದರೂ ಸರಿ, ನಿಮ್ಮ ಅನುಭವ ಬರೆಯಿರಿ. ಮೊದಲ ಸಾಲಿನಲ್ಲಿ ನಿಮಗೆ ಬೇಕಾದ್ದನ್ನೇ ಇಡಿ, ಈಗ ಯಾವುದೂ ಕಳೆದುಹೋಗುವುದಿಲ್ಲ. ನಾನೂ ಅತ್ತೆಯೂ ಕೂತು ಓದುತ್ತೇವೆ.